ಬಯಲನ್ನು ಓದುವ ಬಗೆ: ಕುಣಿಗಲ್ಲಿನಿಂದ ಗುಬ್ಬಿಯವರೆಗೆ ಒಂದು ಕುಟುಂಬ ಪ್ರವಾಸ

ದೇಶ ಸುತ್ತು, ಕೋಶ ಓದು ಎಂಬ ಗಾದೆಯು ಶಾಲೆಯ ಮೆಟ್ಟಿಲು ಹತ್ತಿದ ಎಲ್ಲರಿಗೂ ಪರಿಚಿತವಾದುದೇ. ಆದರೆ ಸುತ್ತುವುದು ಒಂದು ಕೆಲಸ, ಓದುವುದು ಮತ್ತೊಂದು ಕೆಲಸ ಎಂದು ಭಾವಿಸುವುದು ವಾಡಿಕೆಯಾಗಿದೆ. ವಾಸ್ತವವಾಗಿ ದೇಶವನ್ನೂ ಕೋಶದಂತೆಯೇ ಓದಬೇಕಾಗುತ್ತದೆ. ಅದಕ್ಕೂ ತನ್ನದೇ ಆದ ಅಕ್ಷರಮಾಲೆಯುಂಟು. ಮಲೆನಾಡಿನಲ್ಲಿ ಆ ಅಕ್ಷರಗಳು ದಪ್ಪವಾಗಿರುತ್ತವೆ; ಬೆಟ್ಟ, ಕಾಡು, ಜಲಪಾತಗಳು ಎಂತಹವರ ಕಣ್ಣನ್ನೂ ಸೆಳೆಯುತ್ತವೆ. ಬಯಲುಸೀಮೆಯಲ್ಲಾದರೋ ಬರಹವು ಸಣ್ಣದು. ಅವಸರದ ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದುದರಿಂದಲೇ ಬಯಲಿನ ಹಾದಿಯಲ್ಲಿ ಸಾಗುವ ಪ್ರವಾಸಿಗರು 'ಇಲ್ಲಿ ನೋಡುವಂತಹುದು ಏನಿದೆ?' ಎಂದು ಕೇಳಿ ಮುಂದೆ ಹೋಗುತ್ತಾರೆ.

ಇಂದು ಸ್ವಂತ ವಾಹನವುಳ್ಳ ಕುಟುಂಬಗಳ ಸಂಖ್ಯೆ ಹೆಚ್ಚಿದೆ. ರಜೆ ಬಂದಿತೆಂದರೆ ತಂದೆತಾಯಿಗಳು, ಮಕ್ಕಳು, ಅಜ್ಜ ಅಜ್ಜಿಯರು ಒಟ್ಟಾಗಿ ಹೊರಡುವುದು ಸಂತೋಷದ ಸಂಗತಿ. ಆದರೆ ಬೆಂಗಳೂರಿನಿಂದ ಹೊರಟವರಿಗೆ ತುಮಕೂರು ಸೀಮೆಯು ದಾಟಿಹೋಗಬೇಕಾದ ದೂರವೇ ಹೊರತು ನೋಡಬೇಕಾದ ನಾಡಲ್ಲ. ಊರುಗಳನ್ನು ಬಳಸಿಹೋಗುವ ವಿಶಾಲವಾದ ಹೆದ್ದಾರಿಗಳು ಈ ಭಾವನೆಯನ್ನು ಇನ್ನಷ್ಟು ಬಲಪಡಿಸಿವೆ. ಕುಣಿಗಲ್ಲಿನಿಂದ ತುಮಕೂರಿನ ಮೂಲಕ ಗುಬ್ಬಿಗೆ ಹೋಗುವ, ಅರವತ್ತು ಕಿಲೋಮೀಟರುಗಳಷ್ಟೂ ಇಲ್ಲದ ಹಾದಿಯನ್ನು ಒಂದು ಕುಟುಂಬವು ಒಂದು ದಿನದಲ್ಲಿ ಹೇಗೆ ಓದಿಕೊಳ್ಳಬಹುದು, ಹಾಗೆ ಓದುವುದು ಏಕೆ ಅವಶ್ಯಕ ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕಾದ ಮಹಾಬಯಲು

ಬಯಲು ಪ್ರದೇಶದಲ್ಲಿ ಕುಟುಂಬ ಸಮೇತ ದೂರ ಪ್ರಯಾಣ ಮಾಡುವ ಪದ್ಧತಿಗೆ ಅಮೆರಿಕಾ ಸಂಯುಕ್ತ ಸಂಸ್ಥಾನವು ಹೆಸರಾಗಿದೆ. ಆ ದೇಶದ ನಡುಭಾಗದಲ್ಲಿ, ಉತ್ತರದ ಕೆನಡಾದಿಂದ ದಕ್ಷಿಣದ ಟೆಕ್ಸಾಸಿನವರೆಗೆ, ರಾಕಿ ಪರ್ವತಗಳ ಮೂಡಲಿಗೆ ಹಾಸಿಕೊಂಡಿರುವ ಭೂಭಾಗವೇ ಮಹಾಬಯಲು. ಮೊದಲು ಅದು ಅಲ್ಲಿನ ಮೂಲನಿವಾಸಿಗಳ ನೆಲೆಯಾಗಿತ್ತು. ಅವರನ್ನು ಒಕ್ಕಲೆಬ್ಬಿಸಿದ ಮೇಲೆಯೇ ಅಲ್ಲಿ ಹೊಸಬರ ಹೊಲಮನೆಗಳು ಎದ್ದವು. ೧೮೪೦ರ ದಶಕದಿಂದ ಸಾವಿರಾರು ಕುಟುಂಬಗಳು ಬಟ್ಟೆಯ ಕಮಾನು ಕಟ್ಟಿದ ಬಂಡಿಗಳಲ್ಲಿ ಈ ಬಯಲನ್ನು ದಾಟಿ ಪಡುವಣಕ್ಕೆ ಹೋದವು. ಆ ಬಂಡಿಗಳಲ್ಲಿ ಹೆಚ್ಚಿನವನ್ನು ಎಳೆಯುತ್ತಿದ್ದುದು ಎತ್ತುಗಳೇ. ಅವರು ಹಿಡಿದ ಹಾದಿಯು ಪ್ಲಾಟ್ ಎಂಬ ನದಿಯ ದಡವನ್ನು ಅನುಸರಿಸಿತು. ಎತ್ತಿಗೆ ಹುಲ್ಲು, ಮನುಷ್ಯನಿಗೆ ನೀರು ಎರಡೂ ಅಲ್ಲಿ ದೊರೆಯುತ್ತಿದ್ದುದೇ ಇದಕ್ಕೆ ಕಾರಣ.

೧೯೧೯ರಲ್ಲಿ ಸೈನ್ಯದ ಮೋಟಾರು ವಾಹನಗಳ ಸಾಲೊಂದು ವಾಷಿಂಗ್ಟನ್ನಿನಿಂದ ಸ್ಯಾನ್ ಫ್ರಾನ್ಸಿಸ್ಕೋ ತಲುಪಲು ೬೨ ದಿನಗಳನ್ನು ತೆಗೆದುಕೊಂಡಿತು. ಆ ತಂಡದಲ್ಲಿದ್ದ ಐಸೆನ್‌ಹೋವರ್ ಎಂಬ ತರುಣ ಅಧಿಕಾರಿಯೇ ಮುಂದೆ ರಾಷ್ಟ್ರಾಧ್ಯಕ್ಷನಾಗಿ ೧೯೫೬ರಲ್ಲಿ ಅಂತರರಾಜ್ಯ ಹೆದ್ದಾರಿಗಳ ಕಾಯಿದೆಗೆ ಸಹಿ ಹಾಕಿದನು. ಇಂದು ನೆಬ್ರಾಸ್ಕಾ ಸಂಸ್ಥಾನವೊಂದರಲ್ಲಿಯೇ ಸುಮಾರು ೭೩೦ ಕಿಲೋಮೀಟರು ಉದ್ದಕ್ಕೆ ಸಾಗುವ ಹೆದ್ದಾರಿಯು ಬಹುದೂರ ಅದೇ ಪ್ಲಾಟ್ ನದಿಯ ಕಣಿವೆಯಲ್ಲಿಯೇ ಹೋಗುತ್ತದೆ. ಅದರ ಒಂದು ಭಾಗದಲ್ಲಿ ನೂರು ಕಿಲೋಮೀಟರಿಗೂ ಮಿಗಿಲಾಗಿ ರಸ್ತೆಯು ಹೆಚ್ಚುಕಡಿಮೆ ತಿರುವೇ ಇಲ್ಲದೆ ಸಾಗುತ್ತದೆ. ಕಿಟಕಿಯಾಚೆ ಜೋಳದ ಹೊಲ, ಧಾನ್ಯದ ಕಣಜ, ಮತ್ತೆ ಜೋಳದ ಹೊಲ. ಅಮೆರಿಕಾದಲ್ಲಿ ನೆಲಸಿರುವ ಕನ್ನಡ ಕುಟುಂಬಗಳಿಗೂ ಇಂತಹ ಪ್ರಯಾಣ ಹೊಸದಲ್ಲ. ಅಲ್ಲಿನ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ' ಸಂಸ್ಥೆಯ ವಿಶ್ವ ಕನ್ನಡ ಸಮ್ಮೇಳನವು ೨೦೦೦ದಲ್ಲಿ ಹ್ಯೂಸ್ಟನ್ನಿನಲ್ಲಿಯೂ ೨೦೧೮ರಲ್ಲಿ ಡಲ್ಲಾಸಿನಲ್ಲಿಯೂ, ಎಂದರೆ ಟೆಕ್ಸಾಸಿನಲ್ಲಿಯೇ, ನಡೆಯಿತು.

ಆ ಬಯಲಿನಲ್ಲಿ ಕಣ್ಣಿಗೆ ಕಾಣದ ಎರಡು ಸಂಗತಿಗಳಿವೆ. ಮೊದಲನೆಯದು ಮಳೆಯ ಗಡಿ. ಪಶ್ಚಿಮ ರೇಖಾಂಶ ೧೦೦ ಡಿಗ್ರಿಯ ಆಸುಪಾಸಿನಿಂದ ಪಡುವಣಕ್ಕೆ ವರ್ಷದ ಮಳೆ ೨೦ ಅಂಗುಲಕ್ಕಿಂತ, ಎಂದರೆ ಸುಮಾರು ೫೦೦ ಮಿಲಿಮೀಟರಿಗಿಂತ, ಕಡಿಮೆ. ಅಲ್ಲಿ ಬರೀ ಮಳೆಯನ್ನು ನಂಬಿದ ಬೇಸಾಯವು ಅಪಾಯಕರವೆಂದು ಜಾನ್ ವೆಸ್ಲಿ ಪೊವೆಲ್ ಎಂಬ ಭೂವಿಜ್ಞಾನಿ ೧೮೭೮ರಲ್ಲಿಯೇ ವರದಿ ಮಾಡಿದ್ದನು. ಆ ಮಾತನ್ನು ಕಡೆಗಣಿಸಿ ಹುಲ್ಲುಗಾವಲನ್ನೆಲ್ಲ ಉತ್ತುದರ ಫಲವಾಗಿ ೧೯೩೦ರ ದಶಕದ ಬರಗಾಲದಲ್ಲಿ ಮೇಲ್ಮಣ್ಣು ಧೂಳಾಗಿ ಹಾರಿಹೋಯಿತು. ಲಕ್ಷಾಂತರ ಜನ ಊರು ಬಿಟ್ಟರು. ಎರಡನೆಯದು ಒಗಲಾಲ ಎಂಬ ಅಂತರ್ಜಲ ನಿಧಿ. ಎಂಟು ಸಂಸ್ಥಾನಗಳ ಅಡಿಯಲ್ಲಿ ಹರಡಿರುವ ಈ ನೀರನ್ನು ಯಂತ್ರಗಳಿಂದ ಎತ್ತಿ ಬಯಲನ್ನು ಮತ್ತೆ ಹಸಿರಾಗಿಸಿದರು. ಆದರೆ ಮಳೆಯು ತುಂಬುವುದಕ್ಕಿಂತ ವೇಗವಾಗಿ ಎತ್ತಿದುದರಿಂದ ಟೆಕ್ಸಾಸ್ ಮತ್ತು ಕಾನ್ಸಾಸಿನ ಹಲವೆಡೆ ನೀರಿನ ಮಟ್ಟ ಬಹಳ ಕೆಳಗಿಳಿದಿದೆ. ಕೆಲವು ರೈತರು ನೀರಾವರಿಯನ್ನೇ ಬಿಡಬೇಕಾಗಿದೆ. ಹೆದ್ದಾರಿಯಲ್ಲಿ ವೇಗವಾಗಿ ಹೋಗುವ ಕುಟುಂಬಕ್ಕೆ ಈ ಎರಡೂ ಕಾಣುವುದಿಲ್ಲ. ಬಯಲಿನ ಕಥೆಯೆಂದರೆ ನೀರಿನ ಕಥೆ. ಅದನ್ನು ತಿಳಿಯದೆ ದಾಟಿದವರು ಬಯಲನ್ನು ನೋಡಿದಂತಾಗುವುದಿಲ್ಲ.

ಗಾಡಿ, ಜಾತ್ರೆ ಮತ್ತು ನಾಟಕದ ಕಂಪನಿ

ತುಮಕೂರು ಸೀಮೆಯಲ್ಲಿ ಬೀಳುವ ಮಳೆಯೂ ಹೆಚ್ಚೇನಲ್ಲ. ವರ್ಷಕ್ಕೆ ಸರಾಸರಿ ೬೦೦ರಿಂದ ೭೦೦ ಮಿಲಿಮೀಟರು. ಅದೂ ಕೆಲವೇ ವಾರಗಳಲ್ಲಿ ಸುರಿದುಹೋಗುತ್ತದೆ. ಈ ಸೀಮೆಯ ಹಿಂದಿನ ಕುಟುಂಬಗಳೂ ಪ್ರವಾಸ ಮಾಡುತ್ತಿದ್ದವು. ಶಿವರಾತ್ರಿಯ ಕಾಲದ ಸಿದ್ಧಗಂಗೆಯ ದನಗಳ ಜಾತ್ರೆಗೆ, ಯಡಿಯೂರಿನ ಮತ್ತು ಗುಬ್ಬಿಯ ಜಾತ್ರೆಗಳಿಗೆ ಮನೆಮಂದಿಯೆಲ್ಲ ಕಮಾನು ಗಾಡಿಯಲ್ಲಿ ಹೊರಡುತ್ತಿದ್ದರು. ಬುತ್ತಿಯ ಗಂಟು, ಎತ್ತಿಗೆ ಹುರುಳಿ, ಹಾಸಲು ಹುಲ್ಲು ಗಾಡಿಯಲ್ಲಿಯೇ ಇರುತ್ತಿದ್ದವು. ಬಿಸಿಲೇರಿದರೆ ಗಾಡಿಯನ್ನು ಬಿಡುತ್ತಿದ್ದುದು ಕೆರೆಯ ಏರಿಯ ಮರದಡಿಯಲ್ಲಿ, ತೋಪಿನಲ್ಲಿ ಅಥವಾ ಅರವಟಿಗೆಯ ಬಳಿಯಲ್ಲಿ. ಪ್ಲಾಟ್ ನದಿಯ ದಡದ ಬಂಡಿಗಳಂತೆ ಇಲ್ಲಿನ ಗಾಡಿಗಳೂ ನೀರಿನಿಂದ ನೀರಿಗೆ ಸಾಗಿದವು. ಯಾವ ಕೆರೆಯಲ್ಲಿ ಈ ವರ್ಷ ನೀರಿದೆ, ಯಾವುದು ಬತ್ತಿದೆ ಎಂಬುದನ್ನು ಅರಿಯದೆ ಪಯಣ ಸಾಧ್ಯವೇ ಇರಲಿಲ್ಲ. ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕುಳಿತ ಮಗುವಿಗೂ ಆ ತಿಳಿವಳಿಕೆ ತಾನಾಗಿ ಬರುತ್ತಿತ್ತು.

ವರ್ಷವಿಡೀ ಹಾದಿಯಲ್ಲಿಯೇ ಬಾಳಿದ ಕುಟುಂಬವೊಂದನ್ನೂ ಗುಬ್ಬಿಯು ನಾಡಿಗೆ ನೀಡಿದೆ. ೧೮೮೪ರಲ್ಲಿ ಆರಂಭವಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಗುಬ್ಬಿ ವೀರಣ್ಣನವರ ಒಡೆತನದಲ್ಲಿ ಕರ್ನಾಟಕದ ಉದ್ದಗಲಕ್ಕೂ ಸಂಚರಿಸಿತು. ನಟನಟಿಯರು, ಅವರ ಮಕ್ಕಳು, ವಾದ್ಯಗಾರರು, ಪರದೆ ಬರೆಯುವವರು, ಅಡುಗೆಯವರು ಎಲ್ಲರೂ ಸೇರಿ ಮೊಕ್ಕಾಮಿನಿಂದ ಮೊಕ್ಕಾಮಿಗೆ ಸಾಗುತ್ತಿದ್ದ ಈ ಕಂಪನಿಯನ್ನು ಒಂದು ದೊಡ್ಡ ಅವಿಭಕ್ತ ಕುಟುಂಬವೆಂದರೂ ತಪ್ಪಾಗದು. ಮುಂದೆ ರಾಜಕುಮಾರ್ ಎಂದು ಹೆಸರಾದ ಬಾಲಕನೂ ಇಂತಹ ಬಿಡಾರದಲ್ಲಿಯೇ ಪಳಗಿದವನು. ೧೯೭೨ರಲ್ಲಿ ವೀರಣ್ಣನವರು ತೀರಿಕೊಂಡರು. ಹಳೆಯ ನಾಟಕ ಕಂಪನಿಗಳು ಸುಗ್ಗಿಯಾದ ಊರಿಗೆ ಹೋಗುತ್ತಿದ್ದವು, ಬೆಳೆ ಕೆಟ್ಟ ಊರಿಗಲ್ಲ. ರಂಗದ ದೀಪಕ್ಕೂ ಕೆರೆಯ ನೀರಿಗೂ ಇದ್ದ ನಂಟು ಅಂತಹುದು.

ಕುಣಿಗಲ್: ಕೆರೆಯೆಂಬ ಯಂತ್ರ

ಪ್ರವಾಸವನ್ನು ಕುಣಿಗಲ್ಲಿನಿಂದ ಆರಂಭಿಸುವುದು ಉಚಿತ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿರುವ ಈ ಊರಿನ ದೊಡ್ಡಕೆರೆಯು ಜನಪದರ ಹಾಡಿನಿಂದ ಕನ್ನಡ ನಾಡಿಗೆಲ್ಲ ಪರಿಚಿತವಾಗಿದೆ. ಊರಿನ ಮತ್ತೊಂದು ಹೆಗ್ಗುರುತಾದ ಕುದುರೆ ಫಾರಂ ಟಿಪ್ಪೂ ಸುಲ್ತಾನನ ಅಶ್ವದಳಕ್ಕಾಗಿ ಆರಂಭವಾಯಿತೆಂದು ಪ್ರತೀತಿಯಿದೆ. ಹೆದ್ದಾರಿಯ ಬಗೆಗೆ ಸ್ವಾರಸ್ಯವಾದ ಸಂಗತಿಯೊಂದುಂಟು. ಹಿಂದೆ ರಾಷ್ಟ್ರೀಯ ಹೆದ್ದಾರಿ ೪೮ ಎಂದರೆ ಕುಣಿಗಲ್ಲಿನ ರಸ್ತೆ, ೪ ಎಂದರೆ ತುಮಕೂರಿನ ರಸ್ತೆ. ೨೦೧೦ರಲ್ಲಿ ಸಂಖ್ಯೆಗಳನ್ನು ಬದಲಾಯಿಸಿದಾಗ ಕುಣಿಗಲ್ಲಿನದು ೭೫ ಆಯಿತು, ೪೮ ಎಂಬ ಸಂಖ್ಯೆ ತುಮಕೂರಿನ ರಸ್ತೆಯ ಪಾಲಾಯಿತು. ರಸ್ತೆಯ ಸಂಖ್ಯೆ ಬದಲಾಗಬಹುದು. ನೀರು ಹರಿಯುವ ದಿಕ್ಕು ಬದಲಾಗುವುದಿಲ್ಲ.

ಏರಿಯ ಮೇಲೆ ನಿಂತು ಮಕ್ಕಳಿಗೆ ಕೆರೆಯ ಅಂಗಾಂಗಗಳನ್ನು ತೋರಿಸಬೇಕು. ನೀರನ್ನು ತಡೆಯುವ ಮಣ್ಣಿನ ದಿಣ್ಣೆಯೇ ಏರಿ. ನೀರು ನಿಲ್ಲುವ ತಾಣ ಅಂಗಳ. ಬೇಕಾದಷ್ಟು ನೀರನ್ನು ಹೊರಬಿಡುವ ಬಾಗಿಲು ತೂಬು. ಹೆಚ್ಚಾದ ನೀರು ಏರಿಯನ್ನು ಒಡೆಯದಂತೆ ಪಕ್ಕದಿಂದ ಹರಿದುಹೋಗುವ ದಾರಿ ಕೋಡಿ. ತೂಬಿನ ಕೆಳಗೆ ನೀರುಣ್ಣುವ ಗದ್ದೆ ತೋಟಗಳು ಅಚ್ಚುಕಟ್ಟು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನಡೆಸಿಕೊಡುತ್ತಿದ್ದವನು ನೀರಗಂಟಿ. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಆದಾಯ. ಹೀಗೆ ಒಂದರ ಕೆಳಗೊಂದು ಕೆರೆಗಳ ಸರಪಣಿ ಏರ್ಪಟ್ಟಿದೆ. ಮೇಲಿನ ಊರಿನವರು ಕಾಲುವೆ ಮುಚ್ಚಿದರೆ ಕೆಳಗಿನ ಊರಿನವರ ಒಲೆ ಆರುತ್ತದೆ.

ಇಷ್ಟನ್ನು ತಿಳಿದ ಮಗುವಿಗೆ ಬಯಲು ಮತ್ತೆ ಖಾಲಿಯಾಗಿ ತೋರುವುದಿಲ್ಲ. ದೂರದಲ್ಲಿ ಗೆರೆ ಎಳೆದಂತೆ ನೇರವಾದ ದಿಣ್ಣೆ ಕಂಡರೆ ಅದು ಏರಿ. ಅದರ ಕೆಳಗೆ ತೆಂಗು ಅಡಿಕೆಗಳ ದಟ್ಟ ಹಸಿರು ಕಂಡರೆ ಅದು ಅಚ್ಚುಕಟ್ಟು. ಎತ್ತರದ ಕೆಂಪು ನೆಲದಲ್ಲಿ ರಾಗಿ, ಅವರೆ, ಹುರುಳಿ ಇದ್ದರೆ ಅದು ಮಳೆಯನ್ನೇ ನಂಬಿದ ಖುಷ್ಕಿ. ಖುಷ್ಕಿಯ ನಡುವೆ ಒಂಟಿಯಾಗಿ ಹಸಿರು ತೋಟ ಕಂಡಿತೆಂದರೆ ಅಲ್ಲಿ ಕೊಳವೆಬಾವಿಯಿದೆ ಎಂದು ತಿಳಿಯಬೇಕು.

ಸಮಯವಿದ್ದವರು ಯಡಿಯೂರಿನ ಕಡೆಗೆ ಸ್ವಲ್ಪ ಬಳಸಿ, ಶಿಂಷಾ ನದಿಗೆ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯವನ್ನು ನೋಡಬಹುದು. ತಾನಾಗಿ ಕೆಲಸ ಮಾಡುವ ಸೈಫನ್ ವ್ಯವಸ್ಥೆಯು ಇದರ ವಿಶೇಷ. ನೀರು ಗೊತ್ತಾದ ಮಟ್ಟವನ್ನು ಮೀರಿ ಏರಿದಾಗ ಬಾಗಿದ ಕೊಳವೆಯೊಳಗಿನ ಗಾಳಿಯು ಹೊರದೂಡಲ್ಪಟ್ಟು ನೀರು ಒಮ್ಮೆಗೇ ಸೆಳೆದುಕೊಂಡು ಹೊರಹರಿಯುತ್ತದೆ. ಮಟ್ಟ ಇಳಿದು ಗಾಳಿ ಒಳಸೇರಿದೊಡನೆ ಹರಿವು ತಾನಾಗಿ ನಿಲ್ಲುತ್ತದೆ. ಬಾಗಿಲನ್ನೆತ್ತುವ ಆಳೂ ಬೇಡ, ವಿದ್ಯುತ್ತೂ ಬೇಡ. ವಿಜ್ಞಾನದ ಪಾಠಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಈ ಸೀಮೆಯಲ್ಲಿ ಸಿಕ್ಕುವುದು ಕಷ್ಟ.

ಗೂಳೂರಿನಿಂದ ತುಮಕೂರಿಗೆ

ಕುಣಿಗಲ್ಲಿನಿಂದ ತುಮಕೂರಿನ ಹಾದಿ ಹೆಬ್ಬೂರಿನ ಮೂಲಕ ಸಾಗುತ್ತದೆ. ತುಮಕೂರು ಸಮೀಪಿಸಿದಂತೆ ಗೂಳೂರು ಸಿಗುತ್ತದೆ. ದೀಪಾವಳಿಯ ಬಲಿಪಾಡ್ಯಮಿಯಿಂದ ಇಲ್ಲಿ ಪೂಜೆಗೊಳ್ಳುವ ಬೃಹತ್ ಗಣಪತಿಯನ್ನು ಕೆರೆಯ ಜೇಡಿಮಣ್ಣಿನಿಂದ ಮಾಡುತ್ತಾರೆ. ಪೂಜೆ ಮುಗಿದ ಮೇಲೆ ಆ ಮಣ್ಣು ಮತ್ತೆ ಕೆರೆಯನ್ನೇ ಸೇರುತ್ತದೆ. ಸನಿಹದಲ್ಲಿಯೇ ಇರುವ ಕೈದಾಳದಲ್ಲಿ ಹನ್ನೆರಡನೆಯ ಶತಮಾನದ ಚನ್ನಕೇಶವ ದೇವಾಲಯವಿದೆ. ಶಿಲ್ಪಿ ಜಕಣಾಚಾರಿಯು ಕಳೆದುಕೊಂಡ ಕೈಯನ್ನು ಮರಳಿ ಪಡೆದ ಸ್ಥಳವಿದೆಂಬ ಐತಿಹ್ಯವನ್ನು ಮನೆಯ ಅಜ್ಜಿಯರು ಹೇಳಿದರೆ ಮಕ್ಕಳ ಮನಸ್ಸಿನಲ್ಲಿ ಊರು ಅಚ್ಚೊತ್ತಿ ನಿಲ್ಲುತ್ತದೆ.

ತುಮಕೂರು ನಗರವು ಸಮುದ್ರಮಟ್ಟದಿಂದ ಸುಮಾರು ೮೦೦ ಮೀಟರು ಎತ್ತರದಲ್ಲಿದೆ. ಅದರ ಮೂಡಲಿಗೆ ಕಾಣುವ ದೇವರಾಯನದುರ್ಗದ ಬೆಟ್ಟಸಾಲನ್ನು ಬಯಲಿನ ಶಿಖೆಯೆನ್ನಬಹುದು. ಆ ಬೆಟ್ಟಗಳಲ್ಲಿಯೇ ಶಿಂಷೆಯೂ ಹುಟ್ಟುತ್ತದೆ, ಜಯಮಂಗಲಿಯೂ ಹುಟ್ಟುತ್ತದೆ. ಶಿಂಷೆಯು ದಕ್ಷಿಣಾಭಿಮುಖವಾಗಿ ಹೋಗಿ ಕಾವೇರಿಯನ್ನು ಸೇರುತ್ತದೆ. ಜಯಮಂಗಲಿಯು ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಒಂದೇ ಬೆಟ್ಟದ ಮೇಲೆ ಮಾರುದೂರದಲ್ಲಿ ಬಿದ್ದ ಎರಡು ಮಳೆಹನಿಗಳು ಹೀಗೆ ಬೇರೆ ಬೇರೆ ನಾಡುಗಳನ್ನು ಕಂಡು ಬಂಗಾಳ ಕೊಲ್ಲಿಯಲ್ಲಿ ಒಂದಾಗುತ್ತವೆ. ಬೆಟ್ಟದ ಬುಡದ ನಾಮದ ಚಿಲುಮೆಯಲ್ಲಿ ಬಂಡೆಯಿಂದ ಜಿನುಗುವ ನೀರನ್ನು ಕಂಡ ಮಗುವಿಗೆ ಅಂತರ್ಜಲವೆಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟಾದರೂ ಬೆಳೆದ ನಗರಕ್ಕೆ ಈ ಬೆಟ್ಟದ ನೀರು ಸಾಲದಾಯಿತು. ಹಾಸನ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿ ನದಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಪೂರ್ಣಗೊಂಡಿತು. ಅಲ್ಲಿಂದ ಬಾಗೂರು–ನವಿಲೆ ಸುರಂಗದ ಮೂಲಕ ಎತ್ತರದ ನೆಲವನ್ನು ಕೊರೆದುಕೊಂಡು ಬರುವ ನೀರು ತುಮಕೂರು ಶಾಖಾ ನಾಲೆಯಲ್ಲಿ ಹರಿದು ಜಿಲ್ಲೆಯ ಕೆರೆಗಳನ್ನು ತುಂಬಿಸುತ್ತದೆ. ಬುಗುಡನಹಳ್ಳಿಯ ಕೆರೆಯಲ್ಲಿ ಸಂಗ್ರಹವಾಗುವ ಆ ನೀರೇ ನಗರದ ಮನೆಗಳ ನಲ್ಲಿಯಲ್ಲಿ ಬರುತ್ತದೆ. ತುಮಕೂರಿನ ಮಗುವೊಂದು ಲೋಟವನ್ನೆತ್ತಿದಾಗ ಪಶ್ಚಿಮ ಘಟ್ಟದ ಮಳೆಯನ್ನು ಕುಡಿಯುತ್ತಿರುತ್ತದೆ ಎಂಬುದು ಎಷ್ಟು ಮನೆಗಳಲ್ಲಿ ಚರ್ಚೆಗೆ ಬಂದಿದೆ?

ಗುಬ್ಬಿ: ಒಂದೇ ನಾಲೆಯ ಎರಡು ಊರುಗಳು

ತುಮಕೂರಿನಿಂದ ಗುಬ್ಬಿಗೆ ಸುಮಾರು ೨೦ ಕಿಲೋಮೀಟರು. ತೆಂಗಿನ ತೋಟಗಳು ಇಲ್ಲಿ ದಟ್ಟವಾಗುತ್ತವೆ. ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ೨೦೨೩ರ ಫೆಬ್ರವರಿಯಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿತು. 'ಕಾವಲ್' ಎಂಬ ಪದವೇ ಇದು ಹಿಂದೆ ದನಗಳು ಮೇಯುತ್ತಿದ್ದ ಹುಲ್ಲುಗಾವಲೆಂಬುದನ್ನು ಹೇಳುತ್ತದೆ. ಅಮೆರಿಕಾದ ಮಹಾಬಯಲಿನಂತೆ ಈ ಬಯಲಿಗೂ ಹುಲ್ಲಿನ ಇತಿಹಾಸವೊಂದಿದೆ. ಗುಬ್ಬಿಯ ಪಡುವಣಕ್ಕೆ ಕಡಬದ ದೊಡ್ಡ ಕೆರೆಯು ಶಿಂಷೆಯ ನೀರನ್ನು ಹಿಡಿದು ನಿಲ್ಲಿಸುತ್ತದೆ. ಬೆಳಿಗ್ಗೆ ಕುಣಿಗಲ್ ಸೀಮೆಯಲ್ಲಿ ಕಂಡ ನದಿಯೇ ಇದು.

ಪ್ರವಾಸದ ಅತಿ ಮುಖ್ಯ ಪಾಠವೂ ಇಲ್ಲಿಯೇ ಇದೆ. ಹೇಮಾವತಿಯ ನೀರು ಗುಬ್ಬಿಯ ಸೀಮೆಯನ್ನು ಮೊದಲು ಕಂಡು, ಕೊನೆಯಲ್ಲಿ ಕುಣಿಗಲ್ಲನ್ನು ತಲುಪುತ್ತದೆ. ನಾಲೆಯ ತುದಿಯಲ್ಲಿರುವವರಿಗೆ ತಮ್ಮ ಪಾಲು ಬರುವುದಿಲ್ಲವೆಂಬ ಕೊರಗು ಬಹುಕಾಲದ್ದು. ಆ ಕೊರಗನ್ನು ನೀಗಲು ಕುಣಿಗಲ್ಲಿನ ಕಡೆಗೆ ನೇರವಾಗಿ ನೀರೊಯ್ಯುವ ಸಂಪರ್ಕ ನಾಲೆಯ ಯೋಜನೆಯನ್ನು ಸರ್ಕಾರವು ಕೈಗೆತ್ತಿಕೊಂಡಾಗ, ತಮ್ಮ ಪಾಲಿಗೆ ಕುತ್ತು ಬರುವುದೆಂಬ ಭಯದಿಂದ ೨೦೨೪ ಮತ್ತು ೨೦೨೫ರಲ್ಲಿ ತುಮಕೂರು, ಗುಬ್ಬಿ ಭಾಗಗಳಲ್ಲಿ ತೀವ್ರವಾದ ಪ್ರತಿಭಟನೆಗಳು ನಡೆದವು. ಯಾರ ಲೆಕ್ಕ ಸರಿ ಎಂಬುದನ್ನು ತೀರ್ಮಾನಿಸುವುದು ಶಾಲೆಯ ಕೆಲಸವಲ್ಲ. ಆದರೆ ಎರಡೂ ಕಡೆಯ ಭಯವು ನಿಜವಾದುದೆಂಬುದನ್ನು ಮಕ್ಕಳಿಗೆ ತೋರಿಸುವುದು ಶಾಲೆಯ ಮತ್ತು ಮನೆಯ ಕೆಲಸವೇ ಸರಿ. ಗುಬ್ಬಿಯ ಮಗು ಕುಣಿಗಲ್ಲಿನ ಏರಿಯ ಮೇಲೆ ಒಮ್ಮೆ ನಿಂತರೆ, ಕುಣಿಗಲ್ಲಿನ ಮಗು ಗುಬ್ಬಿಯ ಒಣಗಿದ ಸುಳಿಯ ತೆಂಗಿನ ಮರವನ್ನು ಒಮ್ಮೆ ಕಂಡರೆ, ಮುಂದೆ ಅವರು ನೀರಿನ ಹಂಚಿಕೆಗೆ ಕುಳಿತಾಗ ಆಡುವ ಮಾತು ಬೇರೆಯಾಗಿರುತ್ತದೆ.

ಇದಕ್ಕೆ ಮತ್ತೊಂದು ಕಾರಣವೂ ಸೇರಿದೆ. ನಾಲೆಯ ನೀರು ಸಾಲದೆಡೆಯಲ್ಲಿ ರೈತನು ಕೊಳವೆಬಾವಿಯನ್ನು ಆಶ್ರಯಿಸಿದ್ದಾನೆ. ಜಿಲ್ಲೆಯ ಹಲವು ತಾಲ್ಲೂಕುಗಳಲ್ಲಿ ಮಳೆಯು ತುಂಬುವುದಕ್ಕಿಂತ ಹೆಚ್ಚು ನೀರನ್ನು ನೆಲದಿಂದ ಎತ್ತಲಾಗುತ್ತಿದೆ. ಒಗಲಾಲದ ಮೇಲಿನ ರೈತನೂ ಮಾಡಿದುದು ಇದನ್ನೇ. ವ್ಯತ್ಯಾಸವೆಂದರೆ ತುಮಕೂರು ಸೀಮೆಯವರಿಗೆ ಪೂರ್ವಿಕರು ಕಟ್ಟಿಕೊಟ್ಟ ಕೆರೆಗಳಿವೆ. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಲ್ಲಿ ನೀರೇರುತ್ತದೆ. ಆ ಕೆರೆಗಳ ಹೂಳು ತೆಗೆದು ಕಾಲುವೆ ಬಿಡಿಸುವ ಬುದ್ಧಿ ಉಳಿಯಬೇಕಾದರೆ, ಮೊದಲು ಅವು ಕಣ್ಣಿಗೆ ಕಾಣಬೇಕು.

ಪ್ರವಾಸದ ಕ್ರಮ

ಈ ಪ್ರವಾಸಕ್ಕೆ ಹೆಚ್ಚಿನ ಖರ್ಚಿಲ್ಲ. ಸಾಧ್ಯವಾದರೆ ವರ್ಷಕ್ಕೆ ಎರಡು ಬಾರಿ, ಕಾರ್ತಿಕದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ, ಅದೇ ಹಾದಿಯಲ್ಲಿ ಹೋಗಬೇಕು. ತುಂಬಿದ ಅಂಗಳವನ್ನೂ ಬಿರುಕುಬಿಟ್ಟ ಅಂಗಳವನ್ನೂ ಕಂಡರೆ ಮಾತ್ರ ಬಯಲಿನ ಅರ್ಥವಾಗುತ್ತದೆ. ಮನೆಯ ಹಿರಿಯರನ್ನು ಕರೆದೊಯ್ಯುವುದು ಅಗತ್ಯ. ಕೆರೆ ಕೋಡಿ ಬಿದ್ದ ವರ್ಷಗಳನ್ನೂ ಬರದ ವರ್ಷಗಳನ್ನೂ ಬಲ್ಲವರು ಅವರೇ. ಮಕ್ಕಳ ಕೈಯಲ್ಲಿ ಪುಸ್ತಕವೊಂದಿರಲಿ. ಪ್ರತಿಯೊಂದು ಕೆರೆಯ ಬಳಿಯಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಲಿ: ಇದಕ್ಕೆ ನೀರು ಎಲ್ಲಿಂದ ಬರುತ್ತದೆ? ಎಲ್ಲಿಗೆ ಹೋಗುತ್ತದೆ? ಕಡೆಯ ಬಾರಿ ಕೋಡಿ ಹರಿದುದು ಯಾವಾಗ? ಹೂಳು ತೆಗೆದುದು ಯಾವಾಗ? ಉತ್ತರಕ್ಕಾಗಿ ಏರಿಯ ಮೇಲೆ ದನ ಹೊಡೆದುಕೊಂಡು ಬರುವವರನ್ನು ಕೇಳಿದರೆ ಸಾಕು. ಅಧ್ಯಾಪಕರು ಇಂತಹ ಪುಸ್ತಕಗಳನ್ನು ವರ್ಷವರ್ಷವೂ ಕೂಡಿಟ್ಟರೆ ಹತ್ತು ವರ್ಷಗಳಲ್ಲಿ ಸೀಮೆಯ ಕೆರೆಗಳ ಚರಿತ್ರೆಯೇ ಶಾಲೆಯಲ್ಲಿ ಸಿದ್ಧವಾಗುತ್ತದೆ. ದೂರದೇಶಗಳಿಂದ ರಜೆಗೆ ಬರುವ ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳನ್ನು ಒಂದು ದಿನ ಈ ಹಾದಿಯಲ್ಲಿ ಕರೆದೊಯ್ಯಬಹುದು. ದಾನಿಗಳು ವಾಹನವಿಲ್ಲದ ಮನೆಗಳ ಮಕ್ಕಳಿಗಾಗಿ ಒಂದು ಬಸ್ಸಿನ ಬಾಡಿಗೆಯನ್ನು ವಹಿಸಿಕೊಳ್ಳಬಹುದು.

ಸಂಜೆ ಗುಬ್ಬಿಯಿಂದ ಹಿಂತಿರುಗುವಾಗ ಮಕ್ಕಳು ನಿದ್ದೆಹೋಗದೆ ಕಿಟಕಿಯಾಚೆ ನೋಡುತ್ತ 'ತಾತ, ಅಗೋ ಏರಿ' ಎಂದು ತಾವಾಗಿಯೇ ಬೆರಳು ಮಾಡಿದರೆ ಆ ದಿನದ ಪ್ರವಾಸ ಸಾರ್ಥಕವಾಯಿತೆಂದು ತಿಳಿಯಬಹುದು.